ನಾನು ಅಳೆಯದ ಸೋಮವಾರ

ಸೋಮವಾರ ಬಂತೆಂದರೆ ಮೇಡಂ ಅವರ ಬಲಗೈ ಬೆರಳ ತುದಿಗಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ತೊಂಬತ್ತರ ದಶಕದ ಕೊನೆ. ಹಾಸನದ ಒಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ ಅವರ ಸುಪರ್ದಿನಲ್ಲಿತ್ತು. ನಾನು ಅವರ ಸಹಾಯಕಿ. ವಾರಕ್ಕೊಮ್ಮೆ ನೀರಿನ ತೊಟ್ಟಿಯಲ್ಲಿ ಅಳತೆಯ ಕಡ್ಡಿ ಇಳಿಸಿ, ಯಂತ್ರ ಹೇಳಿದಷ್ಟೇ ಕಿರಣ ಬಿಡುತ್ತಿದೆಯೇ ಎಂದು ನೋಡಬೇಕು.

"ಕಿರಣ ರೋಗಿ ಕಣ್ಣಿಗೆ ಕಾಣಲ್ಲ. ಅವರ ಬದಲು ನಾವು ನೋಡ್ಬೇಕು ಕಣೇ," ಎನ್ನುತ್ತಿದ್ದರು.

ಒಂದು ಸೋಮವಾರ ಅವರು ರಜೆ. ಅಂದೇ ಚನ್ನರಾಯಪಟ್ಟಣದಲ್ಲಿ ನನ್ನ ಅಕ್ಕನ ಮಗುವಿನ ನಾಮಕರಣವಿತ್ತು. ಬಸ್ಸು ತಪ್ಪೀತೆಂದು ನಾನು ತೊಟ್ಟಿಗೆ ನೀರೇ ತುಂಬಲಿಲ್ಲ. ಹಿಂದಿನ ವಾರದ ಅಂಕಿಯನ್ನೇ ಸ್ವಲ್ಪ ತಿದ್ದಿ ಬರೆದೆ. ಮರುದಿನ ಮೇಡಂ ಅದರ ಕೆಳಗೆ ಸಹಿ ಹಾಕಿದರು.

ಬುಧವಾರ, ಗಂಟಲಿಗೆ ಕಿರಣ ಪಡೆಯುತ್ತಿದ್ದ ಅರಕಲಗೂಡು ಕಡೆಯ ಒಬ್ಬ ಮುದುಕ ಕತ್ತು ಹಿಡಿದುಕೊಂಡು ಬಂದ. "ಗಂಜಿನೂ ಇಳೀತಿಲ್ಲ ಕಣವ್ವಾ. ಕೆಂಡ ನುಂಗ್ದಂಗಾಯ್ತದೆ."

ಮೇಡಂ ನನ್ನತ್ತ ತಿರುಗಿದರು. "ಸೋಮವಾರ ಅಳತೆ ಸರಿಯಿತ್ತಾ?"

"ಸರಿಯಿತ್ತು ಮೇಡಂ," ಎಂದೆ.

ಅವರು ನಂಬಿದರು. ಮುದುಕನ ಚಿಕಿತ್ಸೆ ಮುಂದುವರಿಯಿತು.

ಮುಂದಿನ ಸೋಮವಾರ ಅವರೇ ಅಳೆದರು. ಮತ್ತೊಮ್ಮೆ ಅಳೆದರು. ಟೈಮರ್ ಕೆಟ್ಟಿತ್ತು, ಪ್ರತಿಸಲವೂ ಕಿರಣ ಹೆಚ್ಚು ಹೊತ್ತು ಹರಿಯುತ್ತಿತ್ತು. ಯಂತ್ರ ನಿಲ್ಲಿಸಿ ಕೇಳಿದರು, "ಹೋದ ವಾರ ನೀನು ಅಳೀಲೇ ಇಲ್ಲ ಅಲ್ವಾ?"



ಅವರು ನೇರ ವಾರ್ಡಿಗೆ, ಅಷ್ಟರಲ್ಲಿ ದಾಖಲಾಗಿದ್ದ ಮುದುಕನ ಮಂಚದ ಬಳಿ ಹೋಗಿ ಕೂತರು. "ತಪ್ಪು ನಮ್ದಪ್ಪಾ. ನಿಮಗೆ ಜಾಸ್ತಿ ಬಿದ್ದಿದೆ." ಆಮೇಲೆ ಆಸ್ಪತ್ರೆಯವರು ನಡೆಸಿದ ವಿಚಾರಣೆಯಲ್ಲೂ ಅಷ್ಟೇ: "ಸಹಿ ನನ್ನದು. ಪರೀಕ್ಷಿಸದೆ ಹಾಕಿದೆ." ಹೊರಗೆ ಬೆಂಚಿನ ಮೇಲೆ ಕೂತಿದ್ದ ನಾನು ಎದ್ದು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ಆಡಳಿತದವರು ಮೇಡಂ ಅವರಿಂದ ವಿಭಾಗದ ಹೊಣೆ ಕಿತ್ತುಕೊಂಡರು, ಕೆಲಸ ಮಾತ್ರ ಉಳಿಯಿತು. ಮುದುಕ ಬದುಕಿಕೊಂಡ, ಆದರೆ ಮುದ್ದೆ ನುಂಗುವುದು ಅವನಿಂದ ಮತ್ತೆ ಆಗಲೇ ಇಲ್ಲ.

ಮೇಡಂ ನನ್ನನ್ನು ಬೈಯಲಿಲ್ಲ. ಮರುವಾರ ತೊಟ್ಟಿಯ ಪಕ್ಕ ನಿಲ್ಲಿಸಿಕೊಂಡು, "ಈಗ ನೀನು ಅಳೆ, ನಾನು ನೋಡ್ತೀನಿ," ಎಂದರು. ಆಮೇಲೆ ಒಂದು ವಾರವೂ ನಾನು ತಪ್ಪಿಸಿಲ್ಲ.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಹೊಳೆನರಸೀಪುರದ ಅವರ ಮನೆಗೆ ಹೋದೆ. ಅವರ ತಂಗಿ ಕೈ ಹಿಡಿದುಕೊಂಡು, "ನೀನೇ ಏನಮ್ಮಾ ಆ ಹುಡುಗಿ? 'ಅವಳು ಅಳೆದ್ರೆ ನಾನು ಮತ್ತೆ ನೋಡೋದೇ ಬೇಡ' ಅಂತಿದ್ಲು ಅಕ್ಕ," ಎಂದರು.

ನಡೆದದ್ದನ್ನು ಹೇಳಿಬಿಡಬೇಕೆಂದೇ ಹೋಗಿದ್ದೆ. ಎಲೆಯ ಮುಂದೆ ಕೂತು, ಬಡಿಸಿದ್ದನ್ನು ಉಂಡು, ಎದ್ದು ಬಂದೆ.