ಗೇಟಿನ ಹೊರಗಿನ ಅಜ್ಜಿ

ಮಳೆಯಲ್ಲಿ ನೆನೆದ ಕುರಿಯ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನನಗೆ ತಮಿಳುನಾಡಿನ ಮೇಚೇರಿ ಹತ್ತಿರದ ನಮ್ಮ ಹೆಂಚಿನ ಮನೆ ನೆನಪಾಗುತ್ತದೆ. ಅಪ್ಪ ಅಮ್ಮ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ದುಡಿಯುತ್ತಿದ್ದರು. ಎದೆಹಾಲು ಬಿಡಿಸಿದ ಮೇಲೆ ನನ್ನನ್ನು ಸಾಕಿದವರು ಅಜ್ಜಿ, ತಾತ. ಆಗತಾನೇ ಹುಟ್ಟಿದ ಮರಿಯನ್ನು ತಾತ ತನ್ನ ಟವಲಿನಲ್ಲಿ ಸುತ್ತಿ ತಂದು ನನ್ನ ಮಡಿಲಿಗೆ ಹಾಕುತ್ತಿದ್ದ. ಅದರ ಬೆಚ್ಚನೆಯ ಒದ್ದೆ ಮೈಯ ವಾಸನೆ, ಒಲೆಯ ಮೇಲಿನ ರಾಗಿ ಅಂಬಲಿಯ ಘಮ, ಅಜ್ಜಿ ನನ್ನ ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆ, ಎಲ್ಲ ಬೆರೆತು ಆ ಮನೆಯ ಗೋಡೆಗಳಿಗೆ ಹತ್ತಿಕೊಂಡಿದ್ದವು. ನಿಮ್ಮನ್ನೂ ಯಾರಾದರೂ ಹೀಗೆ ಸಾಕಿದ್ದರೆ, ಮುಂದಿನದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ನಾನು ಆರನೇ ಕ್ಲಾಸಿನಲ್ಲಿದ್ದಾಗ ತಾತ ಹಾಸಿಗೆ ಹಿಡಿದ. ಇನ್ನೇನೂ ಮಾಡುವುದಕ್ಕಿಲ್ಲವೆಂದು ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಒಂದು ಬೆಳಿಗ್ಗೆ, ನಾನು ಸ್ಕೂಲಿಗೆ ಹೋದ ಮೇಲೆ, ಅವನಿಗೆ ಮೇಲುಸಿರು ಶುರುವಾಯಿತು. ಮಗು ಎಲ್ಲಿ ಎಂದು ಕೇಳಿದನಂತೆ. ಅಜ್ಜಿ ಅವನನ್ನು ಪಕ್ಕದ ಮನೆಯವಳಿಗೆ ಒಪ್ಪಿಸಿ, ನನ್ನನ್ನು ಕರೆದೊಯ್ಯಲು ಬಸ್ಸು ಹತ್ತಿ ಬಂದಳು. ಹೆಡ್‌ಮಿಸ್ ನನ್ನನ್ನೂ ತಮ್ಮ ಕೋಣೆಗೆ ಕರೆಸಿದರು. ಹಿಂದಿನ ವರ್ಷ ಹೆಂಡತಿಯೊಡನೆ ಜಗಳವಾಡಿದವನೊಬ್ಬ ನೆಂಟನನ್ನು ಕಳಿಸಿ ಮಗುವನ್ನು ಸ್ಕೂಲಿನಿಂದಲೇ ಒಯ್ದಿದ್ದ. ಅಂದಿನಿಂದ ಅಪ್ಪ ಅಮ್ಮನ ಒಪ್ಪಿಗೆಯಿಲ್ಲದೆ ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ. “ಅಪ್ಪಾ ಅಮ್ಮಾ ವರಣುಂ, ಪಾಟ್ಟಿ. ಫೋನ್‌ಲಯಾವದು ಸೊಲ್ಲಣುಂ,” ಎಂದರು. ಅವರೇ ಬರಬೇಕು, ಇಲ್ಲವೇ ಫೋನಿನಲ್ಲಾದರೂ ಹೇಳಬೇಕು. ಕಂಪನಿಯೊಳಗೆ ಫೋನು ಬಿಡುತ್ತಿರಲಿಲ್ಲ. ಇಬ್ಬರದೂ ಸ್ವಿಚ್ ಆಫ್.

ಕೋಪದಲ್ಲಿ ಅಜ್ಜಿಗೆ ತಮಿಳು ಮರೆತುಹೋಗಿ ನಮ್ಮ ಮನೆಮಾತು ಕನ್ನಡವೇ ಬಾಯಿಗೆ ಬಂತು. “ಉಣ್ಸಿ ಬೆಳೆಸ್ದೋಳು ನಾನು. ದಿನಾ ನಿಮ್ ಬಸ್ಸಿಗೆ ಅತ್ಸೋಳು ನಾನು. ಅವಾಗ ಯಾರೂ ಕೇಳ್ನಿಲ್ವಲ್ಲ, ನೀನ್ಯಾರು ಅಂತ?”

ನಾನು ಅಳುತ್ತಲೇ ಅದನ್ನು ತಮಿಳಿನಲ್ಲಿ ಹೇಳಿದೆ. ಹೆಡ್‌ಮಿಸ್ ಕಣ್ಣೂ ಒದ್ದೆಯಾಯಿತು. ಆದರೂ ಆಗದೆಂದು ತಲೆಯಾಡಿಸಿದರು. ವಾಚ್‌ಮನ್ ಅಜ್ಜಿಯನ್ನು ಹೊರಗೆ ಬಿಟ್ಟು ಗೇಟು ಹಾಕಿದ. ಈಗ ಫೋನು ಹತ್ತೀತು, ಈಗ ಬಿಟ್ಟಾರು ಎಂದು ಅವಳು ಅಲ್ಲೇ ಬೇವಿನ ಮರದಡಿ ಕೂತಳು. ಕ್ಲಾಸಿನ ಕಿಟಕಿಯಿಂದ ಅವಳ ಸೆರಗಿನ ತುದಿಯಷ್ಟೇ ಕಾಣುತ್ತಿತ್ತು. ಅಪ್ಪ ಊಟದ ಬಿಡುವಿನಲ್ಲಿ ಫೋನು ತೆಗೆದು ನೋಡಿ ಮಾತಾಡಿದ ಮೇಲೆ ನನ್ನನ್ನು ಕಳಿಸಿದರು. ನಾವು ಮನೆ ಮುಟ್ಟಿದಾಗ ತಾತನ ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿಯಾಗಿತ್ತು. “ಕೊನೇಗೆ ನಿಮ್ಮಿಬ್ರುನ್ನೂ ಕೇಳ್ತು,” ಎಂದಳು ಪಕ್ಕದ ಮನೆಯವಳು.

ಆ ಕಟ್ಟಳೆ ಯಾಕಿತ್ತೆಂದು ಈಗ ನನಗೆ ಅರ್ಥವಾಗುತ್ತದೆ. ಅರ್ಥವಾದದ್ದರಿಂದ ಕಹಿಯೇನೂ ಕಡಿಮೆಯಾಗಿಲ್ಲ. ತಾತ ಹೋದ ಮೇಲೆ ಅಪ್ಪ ಅಮ್ಮ ಕುರಿಗಳನ್ನು ಮಾರಿದರು, ಮನೆಯನ್ನು ಕೆಡವಿದರು, ನಮ್ಮನ್ನು ತಿರುಪ್ಪೂರಿಗೆ ಕರೆದೊಯ್ದರು. ಹೊಸ ಸ್ಕೂಲಿನಲ್ಲಿ, ನನ್ನನ್ನು ಕರೆದೊಯ್ಯಬಹುದಾದವರ ಪಟ್ಟಿಗೆ, ಅಪ್ಪ ಮರೆಯದೆ ಅಜ್ಜಿಯ ಹೆಸರನ್ನೂ ಫೋಟೋವನ್ನೂ ಕೊಟ್ಟಿದ್ದ. ಸಂಜೆ ಬೇರೆ ಮಕ್ಕಳ ಮನೆಯವರೆಲ್ಲ ಒಳಗಿನ ನೆರಳಿನಲ್ಲಿ ಕಾಯುತ್ತಿದ್ದರೆ, ಅಜ್ಜಿ ಹೊರಗೆ ಬಿಸಿಲಿನಲ್ಲಿ ನಿಂತಿರುತ್ತಿದ್ದಳು.

“ಒಳಕ್ಕೆ ಬಾರಜ್ಜಿ, ಇಲ್ಲಿ ಬಿಡ್ತಾರೆ.”

“ಬ್ಯಾಡ ಮಗಾ. ನಾನ್ಯಾರು ಒಳಕ್ಕೆ ಬರಾಕೆ?”

ಬದುಕಿದ್ದಷ್ಟು ದಿನವೂ ಅವಳು ಆ ಗೇಟು ದಾಟಲಿಲ್ಲ. ನಾನು ಹೊರಗೆ ಬಂದೊಡನೆ ಮಣಿಕಟ್ಟು ಹಿಡಿಯುತ್ತಿದ್ದಳು. ಮನೆ ಮುಟ್ಟುವವರೆಗೆ ಬಿಡುತ್ತಿರಲಿಲ್ಲ.