ಹನ್ನೊಂದರಿಂದ ನಾಲ್ಕರವರೆಗೆ ನೀರು ಕಾಯುವ ಕುರಿತು

ಆರು ವರ್ಷದ ಸುಮಂಗಲಾಳಿಗೆ ಹನುಮಸಾಗರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಕಾಯಂ ನೌಕರಿ ಇತ್ತು: ಕಾಯುವುದು. ವರ್ಷಕ್ಕೆರಡು ಸಲ, ಸಿದ್ದಾಪುರದ ಕಡೆ ಕಾಲುವೆಗೆ ನೀರು ಬಿಟ್ಟರೆಂಬ ಸುದ್ದಿ ಬಂದ ಕೂಡಲೇ, ಅವಳ ಅವ್ವ ಫಕೀರಮ್ಮ ಹತ್ತು ಹನ್ನೆರಡು ಹೆಂಗಸರ ಗುಂಪಿನೊಂದಿಗೆ ಟಂಟಂ ಹತ್ತಿ ಭತ್ತದ ನಾಟಿಗೆ ಹೋಗಿಬಿಡುತ್ತಿದ್ದಳು. ನಾಟಿ ಮುಗಿದರೆ ಕಳೆ. ಹೋದರೆ ಇಪ್ಪತ್ತು ದಿನ, ಒಮ್ಮೊಮ್ಮೆ ತಿಂಗಳು. ಇತ್ತ ಮಗಳು ಶಾಲೆ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು, ಗಂಗಾವತಿಯಿಂದ ಬರುವ ಬಸ್ಸುಗಳ ಹಾಜರಿ ತೆಗೆದುಕೊಳ್ಳುತ್ತಿದ್ದಳು.

ಅಜ್ಜಿ ಮುದಕಮ್ಮ ಕೋಲೂರಿಕೊಂಡು ಬಂದು ಗದರುವಳು: “ಬಿಸಿಲಾಗ ಕುಂತು ಕಾಯಬ್ಯಾಡ ಏಳವಾ, ನೆತ್ತಿ ಕಾಯ್ತೈತಿ. ನಿಮ್ಮವ್ವನ್ನ ದೇವರು ಕಾಯ್ತಾನ.”

ಒಂದೇ ಉಸಿರಿನಲ್ಲಿ ಮೂರು ಥರದ ಕಾಯುವಿಕೆ. ಹೇಳಿದ ಮುದಕಮ್ಮನಿಗೆ ಅದರ ಗುಮಾನಿಯೂ ಇರಲಿಲ್ಲ. ಕೇಳಿದ ಸುಮಂಗಲಾಳಿಗೆ ಮೂರೂ ಬೇರೆಬೇರೆ ಎಂದು ಗೊತ್ತಾಗಲು ಹದಿನೈದು ವರ್ಷ ಹಿಡಿಯಿತು.

ಅವ್ವನಿಗೆ ಹೇಳಲೆಂದು ಏನೇನೋ ಕೂಡಿಟ್ಟಿರುತ್ತಿದ್ದಳು. ಹಲ್ಲು ಬಿದ್ದದ್ದು, ಬಿದ್ದ ಹಲ್ಲನ್ನು ಮಾಳಿಗೆಯ ಮೇಲೆ ಎಸೆದದ್ದು, ಎಲ್ಲ ಮಗ್ಗಿ ಬಂದು ಏಳರ ಮಗ್ಗಿ ಒಂದೇ ಹಟ ಹಿಡಿದು ಉಳಿದದ್ದು. ಅವ್ವ ಬಸ್ಸಿಳಿದರೆ ಸೀರೆಯೆಲ್ಲ ಕೆಸರಿನ ವಾಸನೆ, ಹಿಮ್ಮಡಿಯೆಲ್ಲ ಬಿರುಕು. ಮಗಳನ್ನೊಮ್ಮೆ ಎದೆಗವಚಿಕೊಂಡು, ಮನೆ ಸೇರಿ, ಗೋಡೆಗೆ ಮುಖ ಮಾಡಿ ಮಲಗಿಬಿಡುವಳು. “ಹೇಳವಾ, ಕೇಳಾಕತ್ತೀನಿ” ಎನ್ನುವಳು. ಒಂದು “ಹೂಂ”, ಎರಡು “ಹೂಂ”, ಮೂರನೆಯದು ಗೊರಕೆ. ಮೈನೋವು ಇಳಿದು ಎದ್ದು ಕೂರುವ ಹೊತ್ತಿಗೆ ಊರಲ್ಲೇ ಯಾರದೋ ಹೊಲದ ಕರೆ, ಅದು ಮುಗಿಯುವ ಹೊತ್ತಿಗೆ ಮತ್ತೆ ಟಂಟಂ. ಹೀಗೆ ಹೇಳದೆ ಉಳಿದ ಮಾತುಗಳು ಸುಮಂಗಲಾಳ ಜೊತೆಜೊತೆಗೇ ಬೆಳೆದು ಡಿಗ್ರಿ ಸೇರಿದವು.

ಅವಳು ಕುಷ್ಟಗಿಯಲ್ಲಿ ಬಿ.ಎ. ಕಡೆಯ ವರ್ಷದಲ್ಲಿದ್ದಳು, ಎರಡು ಸಾವಿರದ ಹದಿನೆಂಟರ ಮಾರ್ಚ್. ಗುಂಪಿನ ಮುಂದಾಳು ಸರ್ದಾರಬೀ ಫೋನು ಮಾಡಿದಳು. ನವಲಿ ಹತ್ತಿರದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಫಕೀರಮ್ಮ ಮಟಮಟ ಮಧ್ಯಾಹ್ನ ಮುಖವಡಿಯಾಗಿ ಬಿದ್ದಿದ್ದಳು. ಗಂಗಾವತಿಯ ಆಸ್ಪತ್ರೆಯಲ್ಲಿ, ಸಲೈನ್ ಬಾಟಲಿಯ ಕೆಳಗೆ ಕಣ್ಣುಬಿಟ್ಟು ಅವಳು ಆಡಿದ ಮೊದಲ ಮಾತು: “ಇನ್ನಾ ಅರ್ಧ ಮಡಿ ಉಳಿದಿತ್ತಲ್ಲ.”

ಡಾಕ್ಟರು ಮಗಳನ್ನು ಹೊರಗೆ ಕರೆದು, ಇದು ಬಿಸಿಲಿನ ಹೊಡೆತ, ಇನ್ನೊಮ್ಮೆ ಹೀಗಾದರೆ ತಮ್ಮ ಕೈಯಲ್ಲಿಲ್ಲ ಎಂದರು. ಕೆಲಸ ಬಿಡು ಎಂದರೆ ಫಕೀರಮ್ಮ ಕೇಳಬೇಕಲ್ಲ? “ಗುಂಪು ಬಿಟ್ಟರ ನನ್ನ ಜಾಗಕ್ಕ ಮತ್ತೊಬ್ಬಾಕಿ ಬರ್ತಾಳ. ಆಮ್ಯಾಲ ನನ್ನ ಕರಿಯೋರು ಯಾರು?” ಅವ್ವ ಗದ್ದೆಯನ್ನು ಬಿಡುವುದಿಲ್ಲವಾದರೆ ಮಧ್ಯಾಹ್ನವೇ ಅವ್ವನನ್ನು ಬಿಡುವಂತೆ ಮಾಡಬೇಕು ಎಂದು ಸುಮಂಗಲಾ ಆ ಆಸ್ಪತ್ರೆಯ ಮೆಟ್ಟಿಲ ಮೇಲೆ ತೀರ್ಮಾನಿಸಿದಳು.

ಆಯುಧವೊಂದು ಬೇಕಿತ್ತು. ಊರಿನ ಆಶಾ ಕಾರ್ಯಕರ್ತೆ ವಿರೂಪಾಕ್ಷಮ್ಮ ತನ್ನ ಹಳೆಯ ಗಾಜಿನ ಜ್ವರದ ಥರ್ಮಾಮೀಟರನ್ನು ಕೊಟ್ಟಳು. ಮೊಂಡು ಸ್ವಭಾವದ್ದು. ಒಮ್ಮೆ ಏರಿದ ಪಾದರಸ, ಹಿಡಿದು ಜೋರಾಗಿ ಜಾಡಿಸುವವರೆಗೂ ಇಳಿಯುವುದಿಲ್ಲ. ಮರುವರ್ಷ ಸುಮಂಗಲಾ ಅವ್ವನ ಬೆನ್ನಿಗೇ ಸಿದ್ದಾಪುರಕ್ಕೆ ಹೋದಳು. ತಾಸಿಗೊಮ್ಮೆ ಜಾಡಿಸಿ, ಗದ್ದೆಯ ನೀರಿನಲ್ಲಿ ಅದ್ದಿ, ನೋಟ್‌ಬುಕ್ಕಿನಲ್ಲಿ ಬರೆದಳು. ಹತ್ತು ಗಂಟೆಗೆ ತೊಂಬತ್ತಾರು. ಹನ್ನೆರಡಕ್ಕೆ ನೂರಾ ಒಂದು. ಎರಡಕ್ಕೆ ನೂರಾ ಮೂರು.

“ಗದ್ದಿಗೆ ಜ್ವರ ಬಂದೈತ್ರೇ!” ಎಂದು ಹೆಂಗಸರು ಬಿದ್ದು ಬಿದ್ದು ನಕ್ಕರು.

ಸರ್ದಾರಬೀ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾದಳು. “ನೂರಾ ಮೂರು ಜ್ವರ ಇದ್ರ ಹುಡುಗರನ್ನ ಸಾಲಿಗೆ ಸೈತ ಕಳ್ಸಂಗಿಲ್ಲ. ನಮ್ಮನ್ನ ಅದರಾಗ ನಿಂದರಿಸ್ಯಾರ ನೋಡ್ರಿ.”

ಆಮೇಲೆ ನಕ್ಕವನು ಗದ್ದೆಯ ಯಜಮಾನ ರಾಮಾಂಜನೇಯ ಒಬ್ಬನೇ. “ಏನಮ್ಮಾ, ಗದ್ದೆಗೆ ಗುಳಿಗೆ ನುಂಗಿಸ್ಲಾ?” ಎಂದು ಕೇಳಿ ಬೈಕು ಹತ್ತಿ ಹೋದ.

ಮೂರು ವರ್ಷದಲ್ಲಿ ಆರು ನೋಟ್‌ಬುಕ್ಕು ತುಂಬಿದವು. ಕೊಪ್ಪಳದ ಸಭೆಯೊಂದಕ್ಕೆ ಕರೆ ಬಂತು. ಬ್ಯಾನರಿನ ಮೇಲೆ ಅವಳ ಹೆಸರಿನ ಕೆಳಗೆ ‘ಹವಾಮಾನ ನ್ಯಾಯದ ಯುವ ಹೋರಾಟಗಾರ್ತಿ’ ಎಂದು ಅಚ್ಚಾಯಿತು. ಊರ ಕಟ್ಟೆಗೆ ಅಷ್ಟು ಸಾಕಿತ್ತು. “ಫಕೀರಮ್ಮನ ಮಗಳದು ಈಗ ಭಾರೀ ಹವಾ ಐತಿ ಬಿಡ್ರಿ” ಎಂದನೊಬ್ಬ. “ಹವಾ ಐತಿ ಖರೆ, ಮಾನದ್ದು ನೋಡಬೇಕು” ಎಂದ ಇನ್ನೊಬ್ಬ. ಸಭೆಯಲ್ಲಿ ಅವಳು ಆಡಿದ್ದು ಎರಡೇ ಮಾತು: “ಭೂಮಿ ಕಾಸಿದವರು ಯಾರೋ, ಕಾದ ನೀರಾಗ ನಿಂತವರು ಯಾರೋ. ನಮ್ಮವ್ವ ಜೀವಮಾನದಾಗ ಹಗಲೊತ್ತು ಒಂದು ಫ್ಯಾನ್ ಹಚ್ಚಿದಾಕಿ ಅಲ್ಲ.” ಚಪ್ಪಾಳೆ ಬಿತ್ತು. ಚಪ್ಪಾಳೆಯಿಂದ ಒಂದಿಷ್ಟು ಗಾಳಿ ಬರಬಹುದು, ನೆರಳು ಬರುವುದಿಲ್ಲ. ಗೋಡೆಯ ಗಡಿಯಾರ ಎರಡು ತೋರಿಸುತ್ತಿತ್ತು. ಸುಮಂಗಲಾ ಮೈಕು ಬಿಟ್ಟವಳೇ ಅವ್ವನಿಗೆ ಫೋನು ಹಚ್ಚಿದಳು. ನೀರಿಗಿಳಿದವರು ಫೋನನ್ನು ದಂಡೆಯಲ್ಲಿ ಬುತ್ತಿಗಂಟಿನ ಜೊತೆ ಇಟ್ಟಿರುತ್ತಾರೆಂದು ಗೊತ್ತಿದ್ದೂ ಸಂಜೆಯವರೆಗೆ ಹಚ್ಚುತ್ತಲೇ ಇದ್ದಳು.

ಕೊನೆಗೆ, ಬಿಸಿಲೇರಿದ ಹೊತ್ತಿನಲ್ಲಿ ಹೆಂಗಸರನ್ನು ಗದ್ದೆಗಿಳಿಸಬಾರದೆಂದು ಕೋರಿ ಒಂದು ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟಳು. ‘ವಿಷಯ: ಹನ್ನೊಂದರಿಂದ ನಾಲ್ಕರವರೆಗೆ ಗದ್ದೆಯಲ್ಲಿ ನೀರು ಕಾಯುವ ಕುರಿತು.’ ತಪ್ಪಾದದ್ದು ಅಲ್ಲೇ. ಕಾಲುವೆ ಸೀಮೆಯಲ್ಲಿ ನೀರು ಕಾಯುವುದೆಂದರೆ ಒಂದೇ ಅರ್ಥ: ಕಾಲುವೆಯ ಕೊನೆಯ ರೈತರು ತಮ್ಮ ಪಾಳಿ ಬರುವತನಕ ದಂಡೆಯ ಮೇಲೆ ಕೂರುವುದು. ನಾಲ್ಕು ತಿಂಗಳ ಮೇಲೆ ಉತ್ತರ ಬಂತು: ‘ಕಾಲುವೆಯಲ್ಲಿ ನೀರು ಕಡಿಮೆ ಇರುವುದರಿಂದ, ಅರ್ಜಿಯಲ್ಲಿ ತಿಳಿಸಿದಂತೆ ಹನ್ನೊಂದರಿಂದ ನಾಲ್ಕರವರೆಗೆ ಸಂಬಂಧಪಟ್ಟವರು ದಂಡೆಯ ಮೇಲೆ ಸಹನೆಯಿಂದ ಕಾಯತಕ್ಕದ್ದು.’

ಆ ವರ್ಷ ಕಾಲುವೆಗೆ ನೀರು ಬಂದದ್ದೇ ತಡವಾಗಿ. ಎರಡನೇ ಬೆಳೆಯ ನಾಟಿ ಹೋಗಿ ಬಿಸಿಲಿಗೆ ಸಿಕ್ಕಿಕೊಂಡಿತ್ತು. ಸುಮಂಗಲಾ ಗದ್ದೆಯ ಬದುವಿನ ಮೇಲೆ ಕೂತು ಆ ಕಾಗದವನ್ನು ಹರಿಯಲು ಹೊರಟಾಗ ಸರ್ದಾರಬೀ ಕೈ ಹಿಡಿದಳು. ಅವಳಿಗೆ ಅಕ್ಷರ ಬಾರದು.

“ಸರ್ಕಾರದ ಸಿಕ್ಕಾ ಐತೇನ ಇದಕ್ಕ?” ಎಂದು ಕಾಗದದ ತಳದ ಮೊಹರಿನ ಮೇಲೆ ಬೆರಳಿಟ್ಟಳು.

“ಐತಿ.”

“ಹನ್ನೊಂದು, ನಾಲ್ಕು ಅಂತ ಬರದೈತಿ?”

“ಬರದೈತಿ, ಆದ್ರ ಚಿಗವ್ವ, ಅದು ಬ್ಯಾರೆ...”

“ದಂಡಿ ಮ್ಯಾಗ ಕುಂದರ್ರಿ ಅಂದೈತಿ?”

“ಅಂದೈತಿ, ಖರೆ ಅವರು ಅಂದಿದ್ದು...”

“ಸಿಕ್ಕಾ ಸಿಕ್ಕೈತಿ, ಮತ್ತೇನು? ಓದಿದಾಕಿ ನೀ, ಸುಮ್ಮ ಬಾಯಿ ಮುಚ್ಕೊಂಡು ನಿಂದರು.”

ಸರ್ದಾರಬೀ ಒಯ್ದು ಕೊಟ್ಟ ಕಾಗದವನ್ನು ರಾಮಾಂಜನೇಯ ಎರಡು ಸಲ ಓದಿದ. ಅವನೂ ವರ್ಷಗಟ್ಟಲೆ ದಂಡೆಯ ಮೇಲೆ ನೀರು ಕಾದವನೇ. ಇದು ಯಾವ ಕಾಯುವಿಕೆ ಎಂದು ತಿಳಿಯದೇನು? ಮೀಸೆ ಒಂದು ಕಡೆ ಅಲುಗಿತು. ಆದರೆ ಸಸಿ ಹಳದಿ ತಿರುಗುತ್ತಿತ್ತು, ಬೇರೆ ಗುಂಪು ಸಿಗುವ ಹಾಗಿರಲಿಲ್ಲ. “ನಸುಕಿನ್ಯಾಗ ಇಳೀತೀವ್ರಿ, ಹೊತ್ತು ಮುಳುಗೋತನ ಹಚ್ತೀವಿ, ಒಂದು ಗುಂಟೆ ಕಡಿಮಿ ಆಗಂಗಿಲ್ಲ” ಎಂದಳು ಸರ್ದಾರಬೀ. “ಸರ್ಲೇ. ಸರ್ಕಾರವೇ ಕಾಯ್ರಿ ಅಂದ ಮೇಲೆ ನಾನ್ಯಾವನಮ್ಮಾ” ಎಂದು ಅವನು ಕಾಗದ ಮಡಚಿ ಕೊಟ್ಟ. ಮರುದಿನ ನೆರಳಿಗೆ ಕಟ್ಟಿಕೊಳ್ಳಲೆಂದು ಒಂದು ಹಸಿರು ತಾಡಪತ್ರಿಯನ್ನೂ ಕಳಿಸಿದ.

ಅಂದು ಹನ್ನೊಂದಕ್ಕೆ ಹೆಂಗಸರೆಲ್ಲ ಗದ್ದೆಯಿಂದ ಮೇಲೆ ಬಂದರು. ಫಕೀರಮ್ಮ ಕಾಲು ತೊಳೆದುಕೊಂಡು, ರೊಟ್ಟಿ ತಿಂದು, ತಾಡಪತ್ರಿಯ ನೆರಳಿನಲ್ಲಿ ಮಗಳ ಪಕ್ಕ ಒರಗಿದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಸುಮಂಗಲಾಳಿಗೆ ಹಗಲು ಹೊತ್ತಿನ ಅವ್ವ ಸಿಕ್ಕಿದ್ದಳು, ಅದೂ ಐದು ತಾಸು ಪೂರಾ.

“ಅವ್ವಾ, ನಿನಗೊಂದು ಹೇಳಬೇಕಿತ್ತು.”

“ಹೇಳವಾ, ಕೇಳಾಕತ್ತೀನಿ.”

ಹಲ್ಲು ಬಿದ್ದಲ್ಲಿಂದಲೇ ಶುರು ಮಾಡಿದಳು. “ಹೂಂ” ಎಂದಳು ಫಕೀರಮ್ಮ. ಮಾಳಿಗೆಯ ಮೇಲೆ ಎಸೆದದ್ದಕ್ಕೆ ಇನ್ನೊಂದು “ಹೂಂ”. ಮೂರನೆಯದು ಗೊರಕೆ.

ಸುಮಂಗಲಾ ಎಬ್ಬಿಸಲಿಲ್ಲ. ಎರಡಕ್ಕೆ ಹೋಗಿ ಥರ್ಮಾಮೀಟರು ಅದ್ದಿ ನೂರಾ ಮೂರು ಬರೆದುಕೊಂಡು ಬಂದಳು. ನೆರಳು ಸರಿದು ಅವ್ವನ ಹಿಮ್ಮಡಿಗೆ ಬಿಸಿಲು ಬಿದ್ದಾಗ ಎದ್ದು ಆ ಕಡೆಗೆ ಕೂತಳು. ಅವಳ ನೆರಳು ಹಿಮ್ಮಡಿಗೆ ಸಾಕಾಯಿತು, ಅವಳ ಬೆನ್ನು ಕಾಯತೊಡಗಿತು.

ನಾಲ್ಕಾಯಿತು. ಸರ್ದಾರಬೀ ಸೀರೆ ಎತ್ತಿ ಕಟ್ಟಿ, “ಕಡ್ಡ್ಯಾಗಿನ ಪಾರಾ ಇಳೀತೇನ ನೋಡು” ಎಂದಳು.

ಸುಮಂಗಲಾ ಥರ್ಮಾಮೀಟರನ್ನು ನೀರಲ್ಲಿ ಅದ್ದಿ ಎತ್ತಿ ಹಿಡಿದಳು. “ನೂರಾ ಮೂರು. ನೀರಿನ್ನಾ ಕಾದೈತಿ ಚಿಗವ್ವ. ಇನ್ನೊಂದೀಟು ಕಾಯ್ರಿ.”

ಆ ಕೈ ತಾಸಿಗೊಮ್ಮೆ ಜಾಡಿಸುವುದನ್ನು ಸರ್ದಾರಬೀ ಮೂರು ವರ್ಷ ನೋಡಿದ್ದಳು. ಗಾಜಿನ ಕಡ್ಡಿ ನೋಡಿದಳು, ಮಲಗಿದ ಫಕೀರಮ್ಮನನ್ನು ನೋಡಿದಳು.

“ಜಾಡಿಸಲಿಲ್ಲ ನೀ” ಎಂದಳು ಮೆಲ್ಲಗೆ. ಕಟ್ಟಿದ ಸೀರೆ ಇಳಿಬಿಟ್ಟು, ದಂಡೆಯ ಮೇಲೆ ಮತ್ತೆ ಕೂತಳು.

ಸುಮಂಗಲಾ ಅವ್ವನ ಕಿವಿಯ ಹತ್ತಿರ ಬಾಗಿ, “ಏಳರ ಮಗ್ಗಿ ಒಂದ ಉಳಿದಿತ್ತವ್ವಾ” ಎಂದು ಬಿಟ್ಟಲ್ಲಿಂದ ಮುಂದುವರಿಸಿದಳು.