ನಕ್ಷೆಯಲ್ಲಿ ಬಳೆಗಾರನ ಕೆರೆ

ಕ್ಯಾಸಂಬಳ್ಳಿ ಕಡೆಯ ಮುನೀಂದ್ರ ಮೂವತ್ತು ವರ್ಷ ಬಾಡಿಗೆ ಗಾಡಿ ಓಡಿಸಿದರೂ ಯಾರನ್ನೂ ದಾರಿ ಕೇಳಿದವನಲ್ಲ. ಅದು ಅವನ ಹೆಮ್ಮೆ. ಕೊಬ್ಬು ಎಂದರೂ ತಪ್ಪಿಲ್ಲ. ಬಂಗಾರಪೇಟೆ ಸ್ಟೇಷನ್ನಿನ ಮುಂದೆ ಬೊಲೆರೊ ನಿಲ್ಲಿಸಿಕೊಂಡು, ಆಂಧ್ರದ ಗಡಿಯ ಕೊನೇ ಹಳ್ಳಿಯ ಹೆಸರು ಹೇಳಿದರೂ ‘ಕೂತ್ಕಳಿ’ ಎನ್ನುತ್ತಿದ್ದ. ಹತ್ತಿದವರು ನಡುವೆ ಗಾಜು ಇಳಿಸಿ ಬೇರೆಯವರನ್ನು ದಾರಿ ಕೇಳಿಬಿಟ್ಟರೋ, ಊರು ಮುಟ್ಟುವವರೆಗೆ ಮುಖ ಗಂಟು ಹಾಕಿಕೊಂಡಿರುತ್ತಿದ್ದ.

ಇಂಥವನಿಗೆ ಒಂದು ನಕ್ಷೆ ಕಂಪನಿಯ ಕೆಲಸ ಸಿಕ್ಕಿತು. ಕಾರಿನಲ್ಲಿ ದಾರಿ ಹೇಳುವ ಯಂತ್ರಗಳಿಗೆ ಹಳ್ಳಿ ರಸ್ತೆಗಳನ್ನು ತುಂಬಬೇಕಿತ್ತು. ಲಿಖಿತ ಎಂಬ ಹುಡುಗಿ ಒಂದು ತಿಂಗಳು ಅವನ ಪಕ್ಕದ ಸೀಟಿನಲ್ಲಿ ಕೂತು ಸುತ್ತಿದಳು. ಮುಂದೆ ಕೂರಿಸಿದ ಪೆಟ್ಟಿಗೆ, ಗಾಡಿ ಹೋದಲ್ಲೆಲ್ಲ ಗೆರೆ ಎಳೆದುಕೊಳ್ಳುತ್ತಿತ್ತು. ಅವಳ ತೊಡೆಯ ಮೇಲೆ ಹಳೆಯ ಸರ್ವೆ ನಕ್ಷೆಗಳು: ಗುಡ್ಡಕ್ಕೆ ಕಂದು ಗೆರೆ, ನೀರಿಗೆ ನೀಲಿ, ಬಾವಿಗೊಂದು ಚುಕ್ಕೆ. ಅದರಲ್ಲಿದ್ದ ತೋಪು ಕಡಿದು ಹತ್ತು ವರ್ಷವಾಯಿತು, ಬಾವಿ ಮುಚ್ಚಿ ಮನೆ ಕಟ್ಟಿದ್ದಾರೆ ಎಂದು ಮುನೀಂದ್ರ ತಿದ್ದುತ್ತಿದ್ದ. ಇಳಿದು ನೋಡಿದರೆ ಅವನ ಮಾತೇ ಸರಿಯಿರುತ್ತಿತ್ತು. ತಿಂಗಳು ಮುಗಿಯುವಷ್ಟರಲ್ಲಿ ಅವನು ನೆಲದ ಮೇಲೆ ನಿಂತಿರಲಿಲ್ಲ ಬಿಡಿ.

ಕೊನೆಯ ವಾರ ಬಳೆಗಾರನ ಕೆರೆಯ ಹತ್ತಿರ ನೇರಳೆ ಮರದ ಕವಲಿಗೆ ಬಂದರು. ಎಡಕ್ಕೆ ಏರಿಯ ಮೇಲಿನ ಸುತ್ತು ರಸ್ತೆ. ನೇರಕ್ಕೆ ಒಣಗಿದ ಕೆರೆಯ ಅಂಗಳದಲ್ಲೇ ಗಾಡಿಗಳು ಓಡಾಡಿ ಬಿದ್ದಿದ್ದ ಜಾಡು. ಲಿಖಿತ ನಕ್ಷೆಯ ಮೇಲೆ ಬೆರಳಿಟ್ಟಳು.

“ಅಂಕಲ್, ಇದು ಕೆರೆ ಅಂತಿದೆ. ಪೂರ್ತಿ ನೀಲಿ.”

“ಆ ಕಾಗದ ಯಾವ ಕಾಲದ್ದಮ್ಮಾ? ನಾನು ಉಟ್ಟಿ ಐವತ್ತು ವರ್ಸ ಆಯ್ತು, ಇದ್ರಲ್ಲಿ ಮೊಣಕಾಲುದ್ದ ನೀರು ಕಂಡಿಲ್ಲ. ಆಲಿನ ವ್ಯಾನು, ಸ್ಕೂಲ್ ಬಸ್ಸು, ಎಲ್ಲಾ ಇಂಗೇ ಓಗೋದು.”

“ಮಳೆ ಬಂದರೆ?”

“ಬಂದಾಗ ನನಗೇಳು, ಈಜು ಕಲಿಸ್ತೀನಿ!”

ಅವಳಿಗೂ ನಗು ಬಂತು. ಗಾಡಿ ಅಂಗಳಕ್ಕೆ ಇಳಿಯಿತು. ಇಳಿದ ತುಸು ದೂರಕ್ಕೇ ಜಾಡಿನ ತುಂಬ ಕುರಿಮಂದೆ ಮಲಗಿತ್ತು. ಮುನೀಂದ್ರ ಎಡಕ್ಕೆ ಹೊರಳಿಸಿ, ಮಂದೆಯನ್ನು ಅರ್ಧ ಸುತ್ತು ಬಳಸಿ ಮತ್ತೆ ಜಾಡಿಗೆ ಬಂದ. ಪೆಟ್ಟಿಗೆ ಆ ಸೊಟ್ಟವನ್ನೂ ಬರೆದುಕೊಂಡಿತು.

ಎರಡು ವರ್ಷ ಕಳೆದವು. ಆಮೇಲಿನ ಕಾರ್ತಿಕದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಬಳೆಗಾರನ ಕೆರೆ ಕೋಡಿ ಹರಿಯಿತು. ಹೆಂಗಸರು ಬಾಗಿನ ಬಿಟ್ಟರು, ಮುದುಕರು ಏರಿಯ ಮೇಲೆ ಕೂತು ಅತ್ತರು. ಮುನೀಂದ್ರನೂ ಹೋಗಿ ನೀರಿಗೆ ಕೈಮುಗಿದು ಬಂದ. ಊರಿನ ಗಾಡಿಗಳೆಲ್ಲ ಏರಿ ರಸ್ತೆಗೆ ತಿರುಗಿಕೊಂಡವು. ಯಂತ್ರದೊಳಗೆ ಹಳೇ ಜಾಡು ಹಾಗೇ ಇದೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ.

ಸಂಕ್ರಾಂತಿ ಕಳೆದ ವಾರ, ಗದಗಿನಿಂದ ಬಂದು ಕೆಜಿಎಫ್‌ನ ಕಾರ್ಖಾನೆ ಸೇರಿದ್ದ ಶಿವಪ್ರಸಾದ್ ಎಂಬವನು ಜೊತೆಯವನ ಮನೆಯ ಗೃಹಪ್ರವೇಶಕ್ಕೆ ಒಬ್ಬನೇ ಹೊರಟಿದ್ದ. ಮಗಳಿಗೆ ಜ್ವರವೆಂದು ಹೆಂಡತಿ ಶ್ವೇತ ಮನೆಯಲ್ಲೇ ಉಳಿದಿದ್ದಳು. ಬೆಳಗಿನ ಮುಹೂರ್ತ, ಮುಂದಿನದು ಕಾಣದಷ್ಟು ಮಂಜು. ಯಂತ್ರ ನೇರ ಹೋಗು ಎಂದಿತು, ಅವನು ಹೋದ. ಕೆರೆಯೊಳಗೆ ಜಾಡಿನ ಪಕ್ಕದಲ್ಲೇ ಇಟ್ಟಿಗೆಗೆಂದು ಮಣ್ಣು ತೆಗೆದಿದ್ದ ಗುಂಡಿಗೆ ಜಾರಿ ಕಾರು ಮುಳುಗಿತ್ತು.

ಹಗ್ಗ ಕಟ್ಟಿ ಎಳೆದವರಲ್ಲಿ ಮುನೀಂದ್ರನೂ ಇದ್ದ. ಹೆಣವನ್ನು ದಡಕ್ಕೆ ತಂದ ಮೇಲೆ ಅವನ ಕಣ್ಣು ನೀರು ತುಸು ಹಿಂದೆ ಸರಿದಿದ್ದ ಅಂಚಿನ ಕೆಸರಿನ ಮೇಲೆ ಬಿತ್ತು. ಗಾಲಿಯ ಗುರುತು ನೇರ ಬಂದು, ಏನೂ ಇಲ್ಲದ ಕಡೆ ಎಡಕ್ಕೆ ಹೊರಳಿ, ಅರ್ಧ ಸುತ್ತು ಬಳಸಿ, ಮತ್ತೆ ನೇರಕ್ಕೆ ಬಂದು ನೀರಿಗಿಳಿದಿತ್ತು. ಫೋನು ತೆಗೆದು ಅದೇ ಕಂಪನಿಯ ನಕ್ಷೆ ನೋಡಿದ. ನೀರಿನ ಮೇಲೆ ಬಿಳಿ ಗೆರೆ. ಗೆರೆಯಲ್ಲಿ ಅದೇ ಸೊಟ್ಟ. ಎರಡು ವರ್ಷದ ಹಿಂದೆ ಎದ್ದು ಹೋದ ಕುರಿಮಂದೆಯನ್ನು ಆ ಮನುಷ್ಯ ಮಂಜಿನಲ್ಲಿ ಬಳಸಿ ಬಂದಿದ್ದ.

ಊರ ಹಿರಿಯ ದೊಡ್ಡವೆಂಕಟಪ್ಪ ಅದೇ ಗುರುತು ನೋಡಿ ತಲೆಯಾಡಿಸಿದ. “ನೋಡ್ಲಾ ಗಾಲಿ ಎಂಗೆ ಒಲ್ದಾಡೈತೆ. ಕುಡ್ದು ಓಡ್ಸವ್ನೆ. ನೀನು ಡ್ರೈವರು, ನೀನೇನಂತೀಯಲಾ ಮುನೀಂದ್ರ?”

ಎಲ್ಲರೂ ಅವನ ಬಾಯಿ ನೋಡಿದರು.

“ಇರ್ಬೇಕು,” ಎಂದ ಮುನೀಂದ್ರ.

ಅಷ್ಟೇ. ಅವನ ಬಾಯಿಂದ ಬಂದ ಮೇಲೆ ಇನ್ನೇನು? ಕುಡಿದಿರಲಿಲ್ಲವೆಂದು ಡಾಕ್ಟರು ಬರೆದುಕೊಟ್ಟ ಕಾಗದ ಶ್ವೇತಳ ಬೀರುವಿನಲ್ಲಿ ಉಳಿಯಿತು, ಈ ಮಾತು ಕೆಜಿಎಫ್ ತನಕ ತಿರುಗಿತು. ಮುನೀಂದ್ರ ಕಂಪನಿಗೆ ಫೋನು ಮಾಡಿದ, ನಂಬರು ಬಳಕೆಯಲ್ಲಿರಲಿಲ್ಲ. ಮಾರನೇ ದಿನದಿಂದ ಬಾಡಿಗೆ ಬಿಟ್ಟು, ಕವಲಿಗೆ ಜಾಲಿ ಮುಳ್ಳು ಎಳೆದು, ಕೆಂಪು ಬಟ್ಟೆ ಹಿಡಿದು ನೇರಳೆ ಮರದಡಿ ಕೂರತೊಡಗಿದ. ದೇವರಂಥ ಮನುಷ್ಯ ಎಂದರು ಜನ. ಆ ಮಾತು ಕೇಳಿದ ದಿನ ಅವನು ತಂದ ಮುದ್ದೆಯ ಬುತ್ತಿಯನ್ನು ಬಿಚ್ಚದೆ ಹಾಗೇ ಮನೆಗೆ ಒಯ್ಯುತ್ತಿದ್ದ.

ಆರನೇ ತಿಂಗಳಿಗೆ ಒಬ್ಬ ಹೆಂಗಸು ಸ್ಕೂಟಿಯಲ್ಲಿ ಬಂದು ನಿಂತಳು. ಶ್ವೇತ. ತಂದಿದ್ದ ಬಾಳೆಹಣ್ಣಿನ ಚೀಲ ಅವನ ಮುಂದಿಟ್ಟಳು.

“ನಿಮ್ಮಂಥವ್ರು ಒಬ್ರು ಅವತ್ತ ಇಲ್ಲಿ ಇದ್ದಿದ್ರ ನಮ್ಮ ಮನಿಯವ್ರು ಉಳೀತಿದ್ರು ನೋಡ್ರಿ. ಒಂದ್ ಹನಿ ಮುಟ್ಟಿದವ್ರಲ್ಲ. ಈಗ ನನ್ನ ಮಗಳಿಗೆ ಕಾಲೊನಿ ಹುಡುಗ್ರು ಕುಡುಕನ ಮಗಳು ಅಂತಾರ. ಆಡ್ಲಿಕ್ಕೂ ಹೊರಗ ಹೋಗೂದಿಲ್ಲ ಅದು.”

ಮುನೀಂದ್ರ ಚೀಲವನ್ನು ಅವಳ ಕಡೆಗೇ ಸರಿಸಿದ. ಆಮೇಲೆ ಹೇಳಿದ: ಹುಡುಗಿ ತೋರಿಸಿದ ನೀಲಿ, ತಾನು ಆಡಿದ ತಮಾಷೆ, ಕುರಿಮಂದೆ, ಗಾಲಿಯ ಗುರುತು, ‘ಇರ್ಬೇಕು’ ಎಂದದ್ದು. ಒಂದನ್ನೂ ಬಿಡಲಿಲ್ಲ.

ಶ್ವೇತ ಚೀಲ ಎತ್ತಿ ಸ್ಕೂಟಿಗೆ ಸಿಕ್ಕಿಸಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

“ಇಲ್ಲಿ ನನ್ನ ಮುಂದ ಹೇಳಿದ್ರ ಏನ್ ಬಂತ್ರಿ? ಊರ ಮುಂದ ಸುಳ್ಳು ಹೇಳೀರಿ. ನಡೀರಿ, ನಮ್ಮ ಕಾಲೊನ್ಯಾಗ ಬಂದ್ ಹೇಳ್ರಿ.”

ಮುನೀಂದ್ರ ಎದ್ದ. ಕೆಂಪು ಬಟ್ಟೆಯನ್ನು ಮುಳ್ಳಿಗೆ ಕಟ್ಟಿ ಬೊಲೆರೊ ಹತ್ತಿ ಕೂತ. ಕೆಜಿಎಫ್‌ನ ಆ ಕಾರ್ಖಾನೆ ಕಾಲೊನಿಗೆ ನೂರು ಸಲ ಬಾಡಿಗೆ ಹೋಗಿದ್ದವನು, ಕೂತಲ್ಲಿಂದಲೇ ತಲೆ ತಗ್ಗಿಸಿ ಹೇಳಿದ:

“ನೀವು ಮುಂದೆ ಓಗಿ ಅಮ್ಮಾ. ದಾರಿ ತೋರ್ಸಿ, ಇಂದೆ ಬತ್ತೀನಿ.”

ಕ್ವಾರ್ಟರ್ಸಿನ ಮುಂದೆ ಜನ ಸೇರಿದರು. ಕಾಂಪೌಂಡಿನ ಮೇಲೆ ಹುಡುಗರು ಹತ್ತಿ ಕೂತರು. ಮುನೀಂದ್ರ ನಿಂತು ಮೊದಲಿಂದ ಕೊನೆಯವರೆಗೆ ಎಲ್ಲ ಹೇಳಿದ. ಬೈಗುಳ ಬಿದ್ದವು, ಒಬ್ಬರು ಕೊರಳಪಟ್ಟಿ ಹಿಡಿದರು, ಇನ್ನೊಬ್ಬರು ಬಿಡಿಸಿದರು. ಆಗ ಎಂಟು ವರ್ಷದ ಮಗಳು ಅಮ್ಮನ ಬೆನ್ನ ಹಿಂದಿನಿಂದ ಈಚೆ ಬಂದಳು.

“ಹಂಗಾರ ಅಪ್ಪ ಯಾಕ ಸೊಟ್ಟ ಹೋದ್ರು?”

“ನಾನು ಸೊಟ್ಟ ಓಗಿದ್ನಲ್ಲ ಮಗಾ. ನಿಮ್ಮಪ್ಪ ನನ್ನ ಗೆರೆ ಒಂಚೂರೂ ತಪ್ಲಿಲ್ಲ. ಕುಡ್ದವ್ನ ಕೈಲಿ ಅದು ಆಗಾಕಿಲ್ಲ.”

ಮಗು ಅವನ ಮುಖವನ್ನು ಮತ್ತೆ ನೋಡಲಿಲ್ಲ. ಕಾಂಪೌಂಡಿನ ಮೇಲಿದ್ದ ಹುಡುಗರ ಕಡೆ ತಿರುಗಿ ಗಟ್ಟಿಯಾಗಿ ಕೇಳಿದಳು:

“ಕೇಳಿದ್ರಿಲ್ಲೋ?”